ಮೆತ್ತನೆಯ ಪಿನ್ನು

ಬೈಕಿನ ಹಿಂದೆ ಸಾಮಾನು ಹೊರುವ ಕ್ಯಾರಿಯರ್ ಮಾಡುವುದರಲ್ಲಿ ಈ ವೆಲ್ಡರನದು ಎತ್ತಿದ ಕೈ. ಎರಡು ಪಿನ್ನು ಎಳೆದರೆ ಸಾಕು, ಇಡೀ ಕ್ಯಾರಿಯರ್ ಬಿಚ್ಚಿ ಕೈಗೆ ಬರುತ್ತಿತ್ತು. ಅವನ ಬಾಯಿಯೂ ಜೋರು: "ಬೈಕೇ ಮುರೀಬೇಕು, ಇದು ಮುರಿಯಲ್ಲ."

ಒಂದು ಬೆಳಿಗ್ಗೆ ಬ್ರೆಡ್ಡು ಹಂಚುವವನ ಹೆಂಡತಿ, ರಕ್ತ ಮೆತ್ತಿದ್ದ ಕ್ಯಾರಿಯರ್ ಹಿಡಿದು ಅಂಗಡಿಗೆ ನುಗ್ಗಿದಳು. ಅದನ್ನೆತ್ತಿ ವೆಲ್ಡರನ ಹೆಗಲಿಗೆ ಬೀಸಿದಳು. ಮೂಳೆ ಲಟಕ್ಕೆಂದಿತು.

"ತಿರುವಿನಲ್ಲಿ ಕಳಚಿ ಚಕ್ರಕ್ಕೆ ಸಿಕ್ಕಾಕೊಂಡಿತು ಕಣೋ, ಪಾಪಿ! ಹಿಂದಿನ ಲಾರಿ, ಬಿದ್ದಿದ್ದ ನಮ್ಮ ಯಜಮಾನರ ಕಾಲ ಮೇಲೇ ಹೋಯ್ತು. ಮಂಡಿ ಕೆಳಗೆ ಏನೂ ಉಳಿದಿಲ್ಲ!"

ಎರಡನೆಯ ಏಟಿಗೆ ಕಿವಿ ಹರಿಯಿತು. ಪಕ್ಕದ ಟೈರ್ ಅಂಗಡಿಯವನು ಅವಳನ್ನು ಹಿಡಿಯಲು ಓಡಿಬಂದ. ನೆಲಕ್ಕೆ ಬಿದ್ದಿದ್ದ ವೆಲ್ಡರ್ "ಬಿಡಣ್ಣ, ಹೊಡೀಲಿ" ಎಂದ. ಅವನ ಕಣ್ಣು ಕ್ಯಾರಿಯರಿನ ತೂತಿನಲ್ಲಿ ಉಳಿದಿದ್ದ ಪಿನ್ನಿನ ತುಂಡಿನ ಮೇಲಿತ್ತು. ಗಟ್ಟಿ ಉಕ್ಕಿನ ಪಿನ್ನು ಮುಗಿದಿದ್ದ ವಾರ, ನಡೆಯುತ್ತೆ ಬಿಡು ಎಂದು ಮೆತ್ತನೆಯ ಕಂಬಿ ಕತ್ತರಿಸಿ ಹಾಕಿದವನು ಅವನೇ.

ಕೈ ಸೋತ ಮೇಲೆ ಅವಳು ಕ್ಯಾರಿಯರ್ ಎಸೆದು ಆಸ್ಪತ್ರೆಗೆ ಓಡಿದಳು. ವೆಲ್ಡರ್ ಎದ್ದು, ನೆಟ್ಟಗಿದ್ದ ಒಂದೇ ಕೈಯಲ್ಲಿ ಸುತ್ತಿಗೆ ಹಿಡಿದು, ಗೋಡೆಗೆ ತೂಗುಹಾಕಿದ್ದ ಕ್ಯಾರಿಯರುಗಳನ್ನೆಲ್ಲ ಕೆಳಗೆಳೆದು ಜಜ್ಜಿಹಾಕಿದ.

"ರಕ್ತ ಸುರೀತಿದೆ, ಮೊದಲು ಡಾಕ್ಟರ ಹತ್ರ ನಡಿಯಪ್ಪ" ಎಂದ ಟೈರ್ ಅಂಗಡಿಯವನು.

ವೆಲ್ಡರ್ ಕೇಳಲಿಲ್ಲ. ಆ ವಾರ ಪಿನ್ನು ಹಾಕಿಸಿಕೊಂಡಿದ್ದ ಇನ್ನೂ ಆರು ಜನರ ಮನೆಗೆ ಹೊರಟ. "ಬೈಕ್ ಹತ್ತಬೇಡಿ, ನಾನು ಹಾಕಿದ ಪಿನ್ನು ಸರಿಯಿಲ್ಲ" ಎಂದು ಬಾಗಿಲು ಬಾಗಿಲಿಗೂ ಹೇಳಿದ. ಮೂರನೆಯ ಮನೆಯವನು ಕೆನ್ನೆಗೆ ಬಾರಿಸಿದ. ಬಾರಿಸಿಕೊಂಡು, ಕ್ಯಾರಿಯರ್ ಬಿಚ್ಚಿಕೊಂಡು, ವೆಲ್ಡರ್ ನಾಲ್ಕನೆಯ ಮನೆಗೆ ನಡೆದ.