ವಿಯೆಟ್ನಾಂನಿಂದ ತಂದ ಪ್ರಸಾದ

ಅಮ್ಮನಿಗೆ ದೇವರು ಎಲ್ಲಿ ಸಿಕ್ಕರೂ ನೆಂಟನೇ. ಮೈಸೂರಿನಿಂದ ಸಿಂಗಪುರದ ಬೆಡೋಕ್‌ನ ನಮ್ಮ ಮನೆಗೆ ಬಂದಿದ್ದವಳನ್ನು, ಇಲ್ಲಿನ ನಾಲ್ಕಾರು ಕನ್ನಡ ಕುಟುಂಬಗಳ ಜೊತೆ ವಿಯೆಟ್ನಾಂ ಟೂರಿಗೆ ಕರೆದುಕೊಂಡು ಹೋಗಿದ್ದೆ. ಸುಣ್ಣಕಲ್ಲಿನ ಗುಡ್ಡಗಳ ನಡುವೆ ದೋಣಿ ಗವಿಯೊಳಗೆ ಹೊಕ್ಕಾಗಲೆಲ್ಲ ‘ನಾರಾಯಣಾ’ ಎಂದು ಕೂಗಿ, ಪ್ರತಿಧ್ವನಿ ಕೇಳಿ ಖುಷಿಪಟ್ಟಳು. ಉಳಿದವರು ನಕ್ಕರು. ನನಗೆ ಆಗಲೇ ಮುಜುಗರ ಶುರುವಾಗಿತ್ತು.

ಮಧ್ಯಾಹ್ನದ ಊಟ ಒಂದು ಹಳ್ಳಿಮನೆಯಲ್ಲಿ. ಅಲ್ಲಿನವರ ಬದುಕನ್ನು ತೋರಿಸುವುದೂ ಟೂರಿನ ಭಾಗವೇ. ನಡುಮನೆಯಲ್ಲಿ ಎತ್ತರದ ಪೀಠ; ಮೇಲೆ ಬುದ್ಧ, ಕೆಳಗೆ ಹೂವು, ಉರಿಯುವ ಊದುಬತ್ತಿ, ತಟ್ಟೆ ತುಂಬ ಹೆಸರುಬೇಳೆಯ ಸಿಹಿ ಬಿಲ್ಲೆಗಳು. ನಾನು ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಅಮ್ಮ ಕೈಮುಗಿದು, ತಟ್ಟೆಯೆತ್ತಿ ಕಣ್ಣಿಗೊತ್ತಿಕೊಂಡು, "ತೊಗೊಳ್ರಪ್ಪ, ಪ್ರಸಾದ" ಎಂದು ಎಲ್ಲರಿಗೂ ಹಂಚತೊಡಗಿದಳು. ಮನೆಯಾಕೆಯ ಕೈ ಅರ್ಧ ಮೇಲೆದ್ದು ಹಾಗೇ ಇಳಿಯಿತು. ಆಮೇಲೆ ಆಕೆ ನಕ್ಕಳು. ಅಮ್ಮ ಆಕೆಗೂ ಒಂದು ಕೊಟ್ಟಳು. ಆಕೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಗೈಡ್ ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಹೂವಿನ ಹಿಂದಿರುವ ಫೋಟೊ ಆಕೆಯ ಮಗಳದು. ಇವತ್ತು ಅವಳು ತೀರಿಕೊಂಡ ದಿನ. ಊದುಬತ್ತಿ ಉರಿಯುವಷ್ಟು ಹೊತ್ತು ಅವಳು ಊಟ ಮಾಡುತ್ತಿರುತ್ತಾಳೆ. ಅದು ಆರಿದ ಮೇಲಷ್ಟೇ ಉಳಿದವರು ತಿನ್ನುವುದು. ಅಜ್ಜಿಗೆ ಹೇಳಬೇಡಿ, ನೊಂದುಕೊಳ್ಳುತ್ತಾರೆ ಎಂದು ಮನೆಯಾಕೆಯೇ ಹೇಳಿದ್ದಳಂತೆ.

ಎಡೆ! ಪಿತೃಪಕ್ಷದಲ್ಲಿ ಎಡೆಯಿಟ್ಟರೆ ಕಾಗೆ ಮುಟ್ಟುವ ತನಕ ಹನಿ ನೀರೂ ಕುಡಿಯದವಳು ನನ್ನಮ್ಮ. ಅವಳಿಗೆ ಫೋಟೊ ಕಾಣಲಿಲ್ಲ, ಸರಿ. ಪ್ರತಿವರ್ಷ ನಮ್ಮ ಬ್ಲಾಕಿನ ಕೆಳಗೆ ಚೀನೀಯರು ಇಟ್ಟ ಕಿತ್ತಳೆಗಳನ್ನು ತೋರಿಸಿ "ಮುಟ್ಬೇಡ, ಸತ್ತವರಿಗೆ ಇಟ್ಟಿದ್ದು" ಎಂದು ಮಗಳಿಗೆ ಕಲಿಸಿದ ನನಗೇನಾಗಿತ್ತು? ನಾಚಿಕೆಯಿಂದ ಮುಖ ಉರಿಯಿತು. ಆದರೂ ಬಾಯಿ ಬಿಡಲಿಲ್ಲ. ಅಮ್ಮ ನೊಂದಾಳು ಎಂದಲ್ಲ. ಎಲ್ಲರೆದುರು ಅಳುತ್ತ ಆಕೆಯ ಕಾಲಿಗೆ ಬಿದ್ದುಬಿಟ್ಟರೆ ನಾನು ಮುಖ ಎಲ್ಲಿಡಲಿ ಎಂದು. ಸುಮ್ಮನೆ ವ್ಯಾನ್ ಹತ್ತಿದೆ.

ಅಮ್ಮ ಎರಡು ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ನಮ್ಮ ಮನೆಗೆ ತಂದು ದೇವರ ಮುಂದೆ ಇಟ್ಟಿದ್ದು ಗೊತ್ತಾದದ್ದು ಶುಕ್ರವಾರ. ಪಕ್ಕದ ಮನೆಯ ಆಂಟಿ ಕುಂಕುಮಕ್ಕೆ ಬಂದಿದ್ದರು. "ವಿಯೆಟ್ನಾಂ ದೇವ್ರ ಪ್ರಸಾದ, ಎಷ್ಟು ಜನಕ್ಕೆ ಸಿಗುತ್ತೆ ಹೇಳಿ" ಎನ್ನುತ್ತ ಅಮ್ಮ ಒಂದನ್ನು ಅವರ ಮುಂದೆ ಹಿಡಿದಳು.

"ಅಮ್ಮಾ, ಕೊಡ್ಬೇಡ!" ನನ್ನ ದನಿ ಜೋರಾಗಿಬಿಟ್ಟಿತು. ಆಂಟಿ ಗಾಬರಿಯಾಗಿ, ಕುಂಕುಮವಷ್ಟೇ ಇಟ್ಟುಕೊಂಡು ಹೊರಟರು.

ಬಾಗಿಲು ಹಾಕಿ ಬಂದು ಎಲ್ಲ ಹೇಳಿದೆ. ಬೈಗುಳ ತಿನ್ನಲು ಸಿದ್ಧಳಾಗಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಅಮ್ಮ ಬಿಲ್ಲೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ಕೂತಿದ್ದಳು.

"ಎಷ್ಟು ವಯಸ್ಸಂತೆ?"

"ಕೇಳ್ಲಿಲ್ಲ."

"ಹೆಸ್ರು?"

ಅದನ್ನೂ ಕೇಳಿರಲಿಲ್ಲ.

"ಅಲ್ಲೇ ಒಂದು ಮಾತು ಹೇಳಿದ್ರೆ ಇನ್ನೊಂದು ತಟ್ಟೆ ನಾನೇ ಇಡಿಸ್ತಿದ್ದೆ" ಎಂದಳು ಅಮ್ಮ, ನನ್ನ ಮುಖ ನೋಡದೆ. "ವರ್ಷಕ್ಕೊಂದ್ಸಲ ಊಟಕ್ಕೆ ಬರೋ ಮಗು. ಹಸ್ಕೊಂಡೇ ಹೋಯ್ತಲ್ಲೇ."