ಕ್ಯಾಪ್ಟನ್ ಅಕ್ಕಾರನ್ನು ಕರೆದ ಬಗೆ

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಓಣಿಯ ಕಡೇ ಮನೆಗೆ ಒಬ್ಬ ಹೆಂಗಸು ಬಾಡಿಗೆಗೆ ಬಂದರು. ಮೈಸೂರು ಕಡೆಯವರು, ಹುಬ್ಬಳ್ಳಿಯ ಕಚೇರಿಯೊಂದಕ್ಕೆ ವರ್ಗವಾಗಿತ್ತು, ಮದುವೆ ಆಗಿರಲಿಲ್ಲ. ಇಷ್ಟೇ ಆಗಿದ್ದರೆ ಓಣಿ ಎರಡು ದಿನ ಮಾತಾಡಿ ಸುಮ್ಮನಾಗುತ್ತಿತ್ತು. ಆದರೆ ಅವರು ಹಿಂದೊಮ್ಮೆ, ಹೆಂಗಸರ ಕ್ರಿಕೆಟ್ ಇನ್ನೂ ಕಣ್ಣು ಬಿಡುತ್ತಿದ್ದ ಕಾಲದಲ್ಲಿ, ದೇಶದ ತಂಡಕ್ಕೆ ಕ್ಯಾಪ್ಟನ್ ಆಗಿದ್ದರಂತೆ. ಈ ಸುದ್ದಿ ಹಾಲಿನವನ ಜೊತೆ ಮನೆಮನೆಗೆ ಬಂತು. ಕ್ರಿಕೆಟ್ ಎಂಬ ಮಾತು ಮಾತ್ರ ದಾರಿಯಲ್ಲೇ ಚೆಲ್ಲಿಹೋಗಿತ್ತು.

ಹೀಗಾಗಿ ನಮ್ಮಜ್ಜಿಯ ಲೆಕ್ಕದಲ್ಲಿ ಅವರು ಮಿಲ್ಟ್ರಿಯವರು. ಮನೆಗೆ ಕರೆದು ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಕೇಳಿಯೇಬಿಟ್ಟಳು.

“ಯಾವ ಲಡಾಯಿಗೆ ಹೋಗಿದ್ರಿ ನೀವು?”

ಅವರು ನಗಲಿಲ್ಲ. “ಹೊರದೇಶಕ್ಕೂ ಹೋಗಿದ್ವಿ ಅಜ್ಜಿ. ಹೆಚ್ಚಿನವು ಸೋತ್ವಿ.”

“ಇರ್ಲಿ ಬಿಡ್ರಿ, ಜೀವಂತ ಬಂದೀರಲ್ಲಾ,” ಎಂದು ಅಜ್ಜಿ ಇನ್ನೊಂದು ರೊಟ್ಟಿ ಹಾಕಿದಳು.

ನಾನಾಗ ಡಿಗ್ರಿ ಮೊದಲ ವರ್ಷದಲ್ಲಿದ್ದೆ. ಇಬ್ಬರು ಅಣ್ಣಂದಿರ ಜೊತೆ ಓಣಿಯಲ್ಲಿ ಕ್ರಿಕೆಟ್ ಕಲಿತವಳು. ಆಟ ಅರ್ಧ ಕಲಿತಿದ್ದೆ, ಬೈಗುಳ ಪೂರ್ತಿ. ಒಂದು ಸಂಜೆ ಅವರು ಕಾಯಿಪಲ್ಯದ ಚೀಲ ಹಿಡಿದು ನಿಂತು ನನ್ನ ಬೌಲಿಂಗ್ ನೋಡಿದರು. “ಮೊಣಕೈ ಮಡಿಸ್ತೀಯ” ಎಂದರು, ನಡೆದರು. ಮರುದಿನ ನಾನೇ ಅವರ ಬಾಗಿಲಿಗೆ ಹೋದೆ. ತಿಂಗಳು ತುಂಬುವುದರೊಳಗೆ ಗಬ್ಬೂರಿನ ಬೈಪಾಸ್ ಹತ್ತಿರದ ಖಾಲಿ ಜಾಗದಲ್ಲಿ ನಾವು ಹತ್ತು ಹನ್ನೊಂದು ಹುಡುಗಿಯರು ಸೇರತೊಡಗಿದೆವು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕಾರು ಎನ್ನುತ್ತೇವೆ. ಅವರು ಕ್ಯಾಪ್ಟನ್ ಅಕ್ಕಾರಾದರು.

ಎರೆಮಣ್ಣಿನ ನೆಲ, ಬೇಸಿಗೆಗೆ ಬಿರುಕು ಬಿಡುತ್ತಿತ್ತು. ಚೆಂಡು ಎತ್ತ ಹೊರಳುತ್ತದೆ ಎಂದು ದೇವರಿಗೂ ಗೊತ್ತಿರಲಿಲ್ಲ. ನಾವು ಗೊಣಗಿದರೆ ಅಕ್ಕಾರು ತಮ್ಮ ಕಾಲದ ಕಥೆ ತೆಗೆಯುತ್ತಿದ್ದರು. ರೈಲಿನಲ್ಲಿ ಸೀಟಿಲ್ಲದೆ ಕಿಟ್ ಚೀಲದ ಮೇಲೆ ಕೂತು ಊರೂರು ತಿರುಗಿದ್ದು, ಸ್ಕರ್ಟ್ ತೊಟ್ಟು ಡೈವ್ ಹೊಡೆದು ಮೊಣಕಾಲು ಕಿತ್ತುಕೊಂಡದ್ದು. ದೇಶದ ಲಾಂಛನವಿದ್ದ ಆ ಕಾಲದ ಕೋಟನ್ನು ಅವರು ಚಳಿಗಾಲದಲ್ಲಿ ಸಂತೆಗೆ ಹಾಕಿಕೊಂಡು ಹೋಗುತ್ತಿದ್ದರು. ಬದನೆಕಾಯಿ ಮಾರುವವರು ಗುರುತಿಸಲಿಲ್ಲ, ಬಿಡಿ.

ಅವರ ಕೊನೆಯ ಪಂದ್ಯದ ಕಥೆ ಮಾತ್ರ ಒಂದೇ ಸಲ ಹೇಳಿದರು. ಗೆಲ್ಲುವ ಹಂತದಲ್ಲಿದ್ದರಂತೆ. ಎದುರು ತುದಿಯಲ್ಲಿದ್ದವಳು ಕೊಂಕಣಿ ಹುಡುಗಿ. ಆಕೆ ಗಾಬರಿಯಲ್ಲಿ ತನ್ನ ಮನೆಮಾತಿನಲ್ಲಿ “ಯೋ” ಎಂದಳು, ಅಂದರೆ ಬಾ. ಗದ್ದಲದಲ್ಲಿ ಇವರಿಗೆ ಕೇಳಿದ್ದು “ನೋ”. ನಡುದಾರಿಯಲ್ಲಿ ನಿಂತುಬಿಟ್ಟರು. ರನೌಟ್. ಪಂದ್ಯ ಹೋಯಿತು, ಕ್ಯಾಪ್ಟನ್ ಪಟ್ಟ ಹೋಯಿತು, ಮುಂದಿನ ತಂಡದಲ್ಲಿ ಜಾಗವೂ ಹೋಯಿತು.

“ಅವಳ ತಪ್ಪಲ್ಲ ಕಣೆ. ಒಂದೇ ಮಾತಲ್ಲಿ ಕರೀಬೇಕು ಅಂತ ಕ್ಯಾಪ್ಟನ್ ನಾನು ಹೇಳ್ಬೇಕಿತ್ತು,” ಎಂದರು. ಆಮೇಲೆ ಅವರು ಯಾವ ಪಂದ್ಯದಲ್ಲೂ ಬ್ಯಾಟು ಹಿಡಿದಿರಲಿಲ್ಲ. “ಒಂದ್ಸಲ ಔಟಾಗ್ದೆ ಆಚೆ ಬರ್ಬೇಕು ಅಂತ ಆಸೆ. ಇನ್ನೇನು ವಯಸ್ಸಾಯ್ತು.”

ಅದಕ್ಕೇ ನಮಗೆ ಅವರ ಕಟ್ಟಪ್ಪಣೆ: ಓಡುವಾಗ “ಬಾ”, ಬೇಡವಾದರೆ “ನಿಲ್ಲು”. ನಮ್ಮ ರೂಢಿಯ “ಬರ್ರಿ”, “ಬ್ಯಾಡ್ರಿ” ಎರಡೂ ಆ ಬಯಲಿನ ಗಾಳಿಯಲ್ಲಿ ಒಂದೇ ಥರ ಕೇಳುತ್ತಿದ್ದವು. ಆದರೆ ರೀ ಬಿಡುವುದು ಅಷ್ಟು ಸುಲಭವೇ? ನಾವು ನಾಯಿಗೂ ಸರೀರಿ ಎನ್ನುವ ಜನ.

ಧಾರವಾಡದ ಕಾಲೇಜಿನ ಹುಡುಗಿಯರು ಪಂದ್ಯಕ್ಕೆ ಬಂದ ದಿನ ನಮ್ಮಲ್ಲೊಬ್ಬಳು ಕೈಕೊಟ್ಟಳು. ಅವಳನ್ನು ನೋಡಲು ಗರಗದಿಂದ ವರನ ಕಡೆಯವರು ಬಂದಿದ್ದರು. ಬೇರೆ ದಾರಿಯಿಲ್ಲದೆ ಅಕ್ಕಾರೇ ಹನ್ನೊಂದನೆಯವರಾದರು. ಕೊನೆಗೆ ಉಳಿದದ್ದು ನಾವಿಬ್ಬರೇ, ಗೆಲ್ಲಲು ನಾಲ್ಕು ರನ್ನು ಬೇಕಿತ್ತು. ಪ್ಯಾಡು ಕಟ್ಟಿಕೊಂಡು ಬಂದವರು ಎದುರು ತುದಿಯ ಗೆರೆಯನ್ನು ಬ್ಯಾಟಿನಿಂದ ಎರಡೆರಡು ಸಲ ಮುಟ್ಟಿ ನೋಡಿದರು. ಪಂದ್ಯ ಹಾಳಾಗಿ ಹೋಗಲಿ, ಇವರು ಔಟಾಗಬಾರದು ಎಂದುಕೊಂಡೆ. ಧಾರವಾಡದವರು ಕೆಣಕುವುದರಲ್ಲೂ ಮರ್ಯಾದಸ್ಥರು. “ಲಗೂ ಔಟ್ ಆಗ್ರಿ ಅಕ್ಕಾರ, ಚಹಾ ಆರಾಕತ್ತೈತಿ” ಎಂದಳು ಅವರ ಕೀಪರ್.

ನಾನು ಬೀಸಿದೆ. ಚೆಂಡು ಬಿರುಕಿಗೆ ಬಡಿದು ವಾರೆಯಾಗಿ ಓಡಿತು. ಒಂದು ರನ್ನು ಸಲೀಸಾಗಿ ಬಂತು. ಎರಡನೆಯದಕ್ಕೆ ತಿರುಗಿ “ಬರ್ರಿ!” ಎಂದೆ. ಅಕ್ಕಾರು ನಡುದಾರಿಯಲ್ಲಿ ತಡವರಿಸಿ ನಿಂತರು. ಬರ್ರಿಯೋ, ಬ್ಯಾಡ್ರಿಯೋ? ಅವರ ಮುಖದಲ್ಲಿ ಆ ಹಳೆಯ ಪಂದ್ಯವೇ ಕಂಡಿತು. ಚೆಂಡು ಆಗಲೇ ಫೀಲ್ಡರ್ ಕೈಯಲ್ಲಿತ್ತು. “ಬಾ” ಎನ್ನಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು ನಾನು ಅಣ್ಣಂದಿರ ಜೊತೆ ಕಲಿತ ಮಾತು.

“ಬಾರಲೇ!”

ಹುಡುಗರು ಸರೀಕರಿಗೆ ಅನ್ನುವ ಮಾತದು. ಬೇವಿನ ಮರದಡಿ ಕೂತಿದ್ದ ನಮ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕಾರು ಮಾತ್ರ ಓಡಿದರು. ಬಗ್ಗಿ, ಬ್ಯಾಟು ಚಾಚಿ, ಎರೆಮಣ್ಣಿನ ಧೂಳೆಬ್ಬಿಸಿ ಗೆರೆ ಮುಟ್ಟಿದರು. ಸ್ಟಂಪು ಉರುಳಿದ್ದು ಆಮೇಲೆ. “ನಾಟೌಟ್ ರೀ!” ಎಂದರು ಅಂಪೈರ್.

ಮುಂದಿನ ಚೆಂಡಿಗೆ ನಾನು ಬೋಲ್ಡ್. ಸೋತೆವು. ಅಕ್ಕಾರು ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು, ಕೈಗವಸು ಬಿಚ್ಚುತ್ತ, ಯಾವ ಅವಸರವೂ ಇಲ್ಲದೆ ಹೊರಗೆ ನಡೆದು ಬಂದರು. ಅವರ ಕಣ್ಣುಗಳು ಒದ್ದೆಯಾಗಿದ್ದವು. ನಾನು ಕ್ಷಮೆ ಕೇಳಹೋದರೆ ತಲೆಗೊಂದು ಮೊಟಕಿದರು.

“ದೇಶಕ್ಕೆ ಆಡುವಾಗ್ಲೂ ನನ್ನ ಯಾರೂ ಇಷ್ಟು ಸ್ಪಷ್ಟವಾಗಿ ಕರೆದಿರ್ಲಿಲ್ಲ ಕಣೆ.”

ಹೊಸ ಶತಮಾನ ಬಂದು ಕೆಲ ವರ್ಷಕ್ಕೆ ಅವರು ನಿವೃತ್ತರಾಗಿ ತಮ್ಮ ಊರಿಗೆ ಹೊರಟರು. ಬೀಳ್ಕೊಡಲು ಓಣಿಯೇ ಸ್ಟೇಷನ್ನಿಗೆ ಬಂದಿತ್ತು. ಹೊರಟವರಿಗೆ ಬರೀ ಹೋಗ್ರಿ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಎಲ್ಲರೂ “ಹೋಗಿ ಬರ್ರಿ ಅಕ್ಕಾರ” ಎಂದರು, ನಾನೂ ಅದನ್ನೇ ಅಂದೆ. ಅವರು ಕಿಟಕಿಯ ಸರಳಿನ ಹಿಂದೆ ಕಿವಿಗೆ ಕೈಯಿಟ್ಟು “ಏನು, ಕೇಳಿಸ್ಲಿಲ್ಲ” ಎಂದರು. ರೈಲು ಅಲುಗಿತು. ನಾನಾಗ ಎರಡು ಮಕ್ಕಳ ತಾಯಿ, ಅತ್ತೆ ಪಕ್ಕದಲ್ಲೇ ನಿಂತಿದ್ದರು. ಆದರೂ ಕೂಗಿದೆ. ಅವರು ನಕ್ಕು ಕೈ ಎತ್ತಿದರು.

ಮತ್ತೆ ಅವರು ಈ ಕಡೆ ಬರಲಿಲ್ಲ. ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ದಿನ ಹಿತ್ತಲಿಗೆ ಹೋಗಿ, ಯಾರಿಗೂ ಕೇಳದ ಹಾಗೆ ಇನ್ನೊಂದು ಸಲ ಕರೆದೆ.