ನೆಲ ಮುಟ್ಟಿದ ಮೇಲಿನ ಕುಸ್ತಿ

ಅವರ ಎರಡೂ ಕಿವಿಗಳು ಒಗೆದು ಹಿಂಡಿದ ಅರಿವೆಯ ಹಾಗೆ ಮುದುಡಿಹೋಗಿದ್ದವು. ಹರೆಯದಲ್ಲಿ ಕೊಲ್ಹಾಪುರದ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ಕುಸ್ತಿ ಆಡಿ ಮುರಿದುಕೊಂಡ ಕಿವಿಗಳು. ವಿಮಾನ ಹತ್ತುವ ಮುಂಚೆ ಹೆಡ್‌ಫೋನಿನೊಳಗೆ ಹತ್ತಿ ತುರುಕುತ್ತ, "ಕಿವಿ ಕುಸ್ತಿಗೆ ಕೊಟ್ಟೇನಿ, ಕಾಲು ವಿಮಾನಕ್ಕ" ಅನ್ನುತ್ತಿದ್ದರು. ನಮ್ಮ ಕಡೆ ಕುಸ್ತಿ ಕಲಿಸುವವರಿಗೆ ವಸ್ತಾದ ಎನ್ನುತ್ತಾರೆ. ವಿಮಾನ ಕಲಿಸುವ ಅವರಿಗೂ ನಾವು ಅದೇ ಹೆಸರು ಅಂಟಿಸಿದ್ದೆವು.

ನಾವು ವಿಮಾನ ಹಾರಿಸಲು ಕಲಿಯುತ್ತಿದ್ದ ಶಾಲೆ ಸಣ್ಣದು. ಇದ್ದದ್ದು ಒಂದೇ ಹಳೆಯ ವಿಮಾನ, ಅದರ ಮೂತಿ ಆಕಾಶಕ್ಕೆ, ಬಾಲದಡಿ ಒಂದು ಪುಟ್ಟ ಗಾಲಿ. ಭಾರವೆಲ್ಲ ಹಿಂದೆ. ಇಳಿದು ಓಡುವಾಗ ಚೂರು ಅಡ್ಡಾದರೂ ಸಾಕು, ಬಾಲವೇ ಮುಂದೆ ಬರಲು ನೋಡುತ್ತದೆ. ವಿಮಾನ ಗರ್ರನೆ ತಿರುಗಿ ರೆಕ್ಕೆ ನೆಲಕ್ಕೆ ಬಡಿಯುತ್ತದೆ. ಅದನ್ನು ತಡೆಯಬೇಕಾದ್ದು ಪೆಡಲಿನ ಮೇಲಿರುವ ಎರಡು ಪಾದ.

"ಅಖಾಡದಾಗ ನೆಲ ಮುಟ್ಟಿದ್ರ ಕುಸ್ತಿ ಮುಗೀತು. ಇಲ್ಲಿ ನೆಲ ಮುಟ್ಟಿದ ಮ್ಯಾಲ ಕುಸ್ತಿ ಚಾಲೂ, ತಿಳೀತ?" ಅಂದಿದ್ದರು ವಸ್ತಾದರು.

ತಿಳಿಯಿತು ಅಂದುಕೊಂಡಿದ್ದೆ. ನಾನು ಹೊಳೆದಂಡೆಯ ಉದಗಾಂವದವಳು. ಬಸ್ಸು ಕೃಷ್ಣೆಯ ಸೇತುವೆ ದಾಟಿದರೂ ಕೈ ಜೋಡಿಸುವ ಮಂದಿ ನಾವು. ಒಂದು ಮುಂಜಾನೆ ಗಾಲಿಗಳು ಮೆತ್ತಗೆ ನೆಲ ಮುಟ್ಟಿದವು ನೋಡಿ, ನನ್ನ ಎರಡೂ ಕೈ ತಾವೇ ಜೋಡಿಕೊಂಡವು! ಕಾಲೂ ಸಡಿಲಾದವು. ಬಾಲ ಎಡಕ್ಕೆ ಎಳೆಯಿತು, ರನ್‌ವೇ ಕಣ್ಣಿಂದ ಮಾಯ. ಸತ್ತೆ ಅಂದುಕೊಂಡೆ. ಅಷ್ಟರಲ್ಲಿ ನನ್ನ ಪೆಡಲುಗಳು ತಾವಾಗಿಯೇ ಟಕ್, ಟಕ್, ಟಕ್ ಎಂದು ಆಡಿದವು, ಮತ್ತೆ ರನ್‌ವೇ ನೆಟ್ಟಗೆ ಎದುರಿಗೆ ನಿಂತಿತು. ಹಿಂದಿನ ಸೀಟಿನ ಜೋಡಿ ಪೆಡಲಿನಿಂದ ವಸ್ತಾದರ ಕಾಲು ಮಾಡಿದ ಕೆಲಸ. ಎಪ್ಪಾ, ಅದೆಂಥ ಕಾಲು!

"ದೇವರಿಗಿ ಮನೀಗಿ ಹೋಗಿ ಕೈ ಮುಗಿ. ಇಲ್ಲಿ ಅಂವಗೂ ಪುರುಸೊತ್ತಿಲ್ಲ," ಅಂದರು. ಬೈಗಳು ಅಷ್ಟೇ.

ಮತ್ತೆ ನಾಕು ತಿಂಗಳು ತಿದ್ದಿದರು. ಕಡೆಗೆ ನಾನೊಬ್ಬಳೇ ಹಾರುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ಅಡ್ಡಗಾಳಿ ಭಾಳ ಜೋರಿತ್ತು. "ನೀ ಕಾಲು ತಗಿ, ನಾ ಇಳಸ್ತೇನಿ," ಅಂದರು. ತೆಗೆದೆ. ಇಳಿದೆವು, ಓಡಿದೆವು, ಬಾಲ ಎಳೆಯಿತು. ಈ ಸಲ ಪೆಡಲು ಆಡಲಿಲ್ಲ. ವಿಮಾನ ಸುತ್ತು ಹೊಡೆದು ಹುಲ್ಲಿಗೆ ನುಗ್ಗಿತು, ರೆಕ್ಕೆಯ ತುದಿ ಬಾಗಿತು. ನಮಗಿಬ್ಬರಿಗೂ ಏನೂ ಆಗಲಿಲ್ಲ.

ಶಾಲೆಯ ಮಾಲಕರು ಓಡಿಬಂದು ನೇರ ನನ್ನ ಮೇಲೆ ಹರಿಹಾಯ್ದರು. "ಬಾಸ್ ಝಾಲಂ, ಸಾಕಿನ್ನು! ನಾಳಿಂದ ಈ ಪೋರಿಗೆ ವಿಮಾನ ಇಲ್ಲ!"

ಗುರುವಿನ ಕಡೆ ಬೆರಳು ತೋರಿಸಲು ನನ್ನಿಂದ ಆಗಲಿಲ್ಲ. "ಹೌದ್ರಿ, ತಪ್ಪು ನಂದ ರೀ," ಅಂದುಬಿಟ್ಟೆ. ನನ್ನ ಹಾರಾಟ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು.

ವಸ್ತಾದರು ಹುಲ್ಲಿನಲ್ಲಿ ನಿಂತು ತಮ್ಮ ಎಡಗಾಲನ್ನೇ ನೋಡುತ್ತಿದ್ದರು. ತಲೆ ಎತ್ತಿದರು.

"ಆಕಿ ಸುಳ್ಳ ಹೇಳಾಕತ್ತಾಳ. ಇಳಿಸಿದಾಂವ ನಾ. ಈ ಕಾಲು ಮಾತು ಕೇಳವಲ್ದು ರೀ. ಎರಡು ವಾರ ಆತು, ಮುಚ್ಚಿಟ್ಟಿದ್ದೆ."

ತಪ್ಪನ್ನು ಗಾಳಿಯ ಮೇಲೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸುಮ್ಮನಿದ್ದರೂ ಸಾಕಿತ್ತು. ಆ ಒಂದು ಮಾತಿಗೆ ಅವರ ಹಾರಾಟ ಅಂದೇ ನಿಂತಿತು. ರೆಕ್ಕೆ ರಿಪೇರಿಯಾದ ಮೇಲೆ ನಾನು ಒಬ್ಬಳೇ ಹಾರಿದೆ, ಒಬ್ಬಳೇ ಇಳಿದೆ. ಅವರು ಗಡಹಿಂಗ್ಲಜಕ್ಕೆ, ಮಗಳ ಮನೆಗೆ ಹೋದರು.

ಹೋದ ವರ್ಷ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು. ತಡೆಯಲಾರದೆ ಕೇಳಿದೆ: "ಆವತ್ತು ಯಾಕ ಹೇಳಿದ್ರಿ? ನಾ ತಪ್ಪು ಒಪ್ಪಿಕೊಂಡಿದ್ನಲ್ಲ?"

"ಹುಚ್ಚಿ, ನಿನ್ನ ಕಾಲು ಛಲೋ ಅದಾವು. ನಾ ಸುಮ್ನಿದ್ರ ಅದು ಯಾರಿಗೆ ಗೊತ್ತಾಗ್ತಿತ್ತು?"

ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಎಂಟು ದಿನಕ್ಕೆ ಹೋಗಿಬಿಟ್ಟರು.